ಒಬ್ಬರಿಗೊಂದೇ ನಂಬರು

ಈಗಲೂ ಯಾವುದಾದರೂ ಆಸ್ಪತ್ರೆಯಲ್ಲಿ ಕಿಟಕಿಯ ಹಿಂದಿನಿಂದ ‘ಜಯಮ್ಮ’ ಎಂದು ಕೂಗಿದರೆ ಮೂರು ಜನ ಎದ್ದು ನಿಲ್ಲುತ್ತಾರೆ. ನಿಂತು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಾರೆ. ನಾಲ್ಕನೆಯ ಜಯಮ್ಮ ನಾನು, ಕೂತೇ ಇರುತ್ತೇನೆ. ಕೂತಲ್ಲಿಂದಲೇ “ನಂಬರು ಹೇಳಪ್ಪ” ಅನ್ನುತ್ತೇನೆ. ಹೆಸರನ್ನು ನಂಬಿ ಎದ್ದವರಿಗೆ ಏನೇನಾಗುತ್ತದೆ ಅಂತ ನಾನು ಎಪ್ಪತ್ತರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿ ಸಾಕಷ್ಟು ನೋಡಿದ್ದೇನೆ.

ಆಗ ನನಗೆ ಇಪ್ಪತ್ತೊಂದು. ಟೈಪಿಂಗ್ ಪಾಸಾಗಿ ಮಂಡ್ಯದ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ನಮ್ಮ ಬೀದಿಯಲ್ಲೇ ಒಬ್ಬರು ವಯಸ್ಸಾದ ಕಣ್ಣಿನ ಡಾಕ್ಟರಿದ್ದರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ನಾಲ್ಕು ಜನರನ್ನು ಸೇರಿಸಿಕೊಂಡು ಒಂದು ಸಣ್ಣ ಸಂಘ ಕಟ್ಟಿ, ಊರೂರಿನ ಶಾಲೆಗಳಲ್ಲಿ ಕಣ್ಣಿನ ಕ್ಯಾಂಪು ಮಾಡುತ್ತಿದ್ದರು. ಪೊರೆ ಬಂದವರಿಗೆ ಅಲ್ಲೇ ಶಾಲೆಯ ಕೋಣೆಯಲ್ಲಿ ಆಪರೇಷನ್ನು, ಅಲ್ಲೇ ಚಾಪೆಯ ಮೇಲೆ ಒಂದು ವಾರ ವಾಸ. ತಿಂಗಳ ಮೇಲೆ ಅದೇ ಊರಿಗೆ ಹೋಗಿ ಕನ್ನಡಕ ಹಂಚುವುದು. ಅದರ ರಿಜಿಸ್ಟರು ಬರೆಯುವ ಕೆಲಸ ನನ್ನದು. ನನ್ನ ಮೇಲೆ ಒಬ್ಬ ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು, ಬಿಳಿ ಪಂಚೆ, ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು. ತಪ್ಪು ಕಂಡರೆ ಬೈಯುತ್ತಿರಲಿಲ್ಲ, ಪೆನ್ಸಿಲ್ಲನ್ನು ಕಿವಿಯಿಂದ ತೆಗೆಯುತ್ತಿದ್ದರು, ಅಷ್ಟೇ. ಅದೇ ಸಾಕಾಗುತ್ತಿತ್ತು.

1. ನಮ್ಮೋರು

ನನ್ನ ಮೊದಲ ಕ್ಯಾಂಪು ಮದ್ದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ರಿಜಿಸ್ಟರಿನಲ್ಲಿ ಐದು ಕಾಲಂ. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ವಯಸ್ಸು, ಯಾವ ಕಣ್ಣು. ಬೆಳಿಗ್ಗೆ ಎಂಟಕ್ಕೇ ಸಾಲು ಶಾಲೆಯ ಗೇಟು ದಾಟಿತ್ತು. ಮೊದಲನೆಯ ಹೆಂಗಸು ತನ್ನ ಹೆಸರು ನಿಂಗಮ್ಮ ಅಂದಳು. ಬರೆದುಕೊಂಡೆ.

“ಗಂಡನ ಹೆಸರೇನಮ್ಮ?”

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಅಯ್, ಎಂಗವ್ವ ಯೋಳಾದು? ನಮ್ಮೋರು ಕಣವ್ವ.”

“ನಿಮ್ಮೋರೇ, ಹೆಸರೇನು?”

“ಅದೇ, ನಮ್ಮೋರು.”

ಗಂಡನ ಹೆಸರು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಕಾಲಮ್ಮಿಗೆ ಗೊತ್ತಿರಲಿಲ್ಲವಲ್ಲ. ಎರಡನೆಯವಳು ಸ್ವಲ್ಪ ಕರುಣೆ ತೋರಿಸಿದಳು. “ಮುತ್ತತ್ತೀಲಿ ಒಳೆ ದಡದಲ್ಲಿ ಒಬ್ಬ ದ್ಯಾವ್ರು ಅವ್ನಲ್ಲ, ಅವನ್ ಎಸ್ರಿಗೆ ಗೌಡ ಸೇರ್ಸ್ಕೊ ಮಗ” ಅಂದಳು. ಮುತ್ತತ್ತಿರಾಯ ಅಂದರೆ ಹನುಮಂತ ತಾನೇ, ನಾನು ಜಾಣೆಯ ಹಾಗೆ “ಹನುಮೇಗೌಡ್ರಾ?” ಅಂದೆ.

“ಅಯ್ಯೋ, ಅವ್ರು ನಮ್ಮ ಬಾವ್ನೋರು! ಇವ್ರು ಮುತ್ತೇಗೌಡ್ರು!” ಅಂದವಳು ಗಕ್ಕನೆ ನಿಲ್ಲಿಸಿ, ಎರಡೂ ಕೆನ್ನೆಗೆ ಪಟಪಟನೆ ಹೊಡೆದುಕೊಂಡು, “ಈ ಉಡ್ಗಿ ನನ್ ಬಾಯಿಂದ ಯೋಳ್ಸೇಬುಟ್ಲಲ್ಲ” ಅಂತ ಹಿಂದಿನವರಿಗೆ ದೂರು ಹೇಳಿದಳು. ಅಲ್ಲಿಗೆ ಇಡೀ ಸಾಲು ಎಚ್ಚೆತ್ತುಕೊಂಡಿತು. ಆಮೇಲೆ ಒಬ್ಬಳೂ ಬಾಯಿ ಬಿಡಲಿಲ್ಲ. ಬಿಸಿಲು ಏರುತ್ತಿತ್ತು, ಒಳಗಿನಿಂದ ಡಾಕ್ಟರು ಜನ ಕಳಿಸಿ ಅಂತ ಕೂಗುತ್ತಿದ್ದರು. ನಾನು ಅವರು ಹೇಳಿದ್ದನ್ನೇ ಬರೆದುಕೊಂಡು ಹೋದೆ.

ಸಂಜೆ ಮೇಷ್ಟ್ರು ರಿಜಿಸ್ಟರು ತಿರುವಿದರು. ಒಂದು ಪುಟ, ಎರಡು ಪುಟ. ಪೆನ್ಸಿಲ್ಲು ಕಿವಿಯಿಂದ ಇಳಿಯಿತು.

“ಏನಮ್ಮ, ಈ ಊರಲ್ಲಿ ಮೂವತ್ನಾಲ್ಕು ಹೆಂಗಸರಿಗೂ ಒಬ್ಬನೇ ಗಂಡನಾ? ಹೆಸರು ನಮ್ಮೋರು?”

ನಾನು ತಲೆ ತಗ್ಗಿಸಿದೆ.

“ಪುಣ್ಯಾತ್ಮ. ಇಷ್ಟು ಸಂಸಾರ ತೂಗಿಸಿದವನಿಗೆ ಕಣ್ಣು ಮಂಜಾಗದೆ ಇರುತ್ತಾ? ನಾಳೆ ಅವನನ್ನೂ ಕರೆಸು, ಮೊದಲನೇ ಆಪರೇಷನ್ ಅವನಿಗೇ ಮಾಡಿಸೋಣ.”

2. ಇಬ್ಬರು ಸಿದ್ದಯ್ಯ

ನಗುವ ವಿಷಯ ಅಂದುಕೊಂಡಿದ್ದು ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಸ್ವಲ್ಪ ಹೆಚ್ಚೇ ಆಯಿತು.

ಆ ಊರಲ್ಲಿ ಇಬ್ಬರು ಸಿದ್ದಯ್ಯಂದಿರು. ಇಬ್ಬರ ಅಪ್ಪಂದಿರೂ ಅಣ್ಣ ತಮ್ಮ, ಒಬ್ಬ ದೊಡ್ಡ ಸಿದ್ದಯ್ಯ, ಇನ್ನೊಬ್ಬ ಚಿಕ್ಕ ಸಿದ್ದಯ್ಯ. ರಿಜಿಸ್ಟರಿಗೆ ಬರುವಾಗ ದೊಡ್ಡದೂ ಚಿಕ್ಕದೂ ದಾರಿಯಲ್ಲೇ ಉದುರಿ, ಸಿದ್ದಯ್ಯ ಬಿನ್ ಸಿದ್ದಯ್ಯ ಅಂತ ಎರಡು ಸಾಲು ಬಂದವು. ಊರು ಒಂದೇ. ವಯಸ್ಸು ಕೇಳಿದರೆ ಇಬ್ಬರೂ “ಅರವತ್ತು ಬರ್ಕೊಳಿ” ಅಂದಿದ್ದರು. ವ್ಯತ್ಯಾಸ ಒಂದೇ, ಒಬ್ಬರಿಗೆ ಎಡಗಣ್ಣಿನ ಆಪರೇಷನ್ನು, ಇನ್ನೊಬ್ಬರಿಗೆ ಬಲಗಣ್ಣಿನದು.

ಆಗೆಲ್ಲ ಪೊರೆ ತೆಗೆದ ಕಣ್ಣಿಗೆ ಸೋಡಾ ಬಾಟಲಿಯ ತಳದ ಹಾಗೆ ದಪ್ಪ ಗಾಜು. ಇನ್ನೊಂದು ಕಣ್ಣಿಗೆ ಸಾದಾ ಗಾಜು. ಹಂಚುವ ದಿನ ನಾನು ‘ಸಿದ್ದಯ್ಯ’ ಅಂತ ಕೂಗಿದೆ, ಒಬ್ಬರು ಬಂದು ತೆಗೆದುಕೊಂಡರು. ಮತ್ತೆ ‘ಸಿದ್ದಯ್ಯ’ ಅಂದೆ, ಇನ್ನೊಬ್ಬರು ಬಂದರು. ಎಷ್ಟು ಸುಲಭವಾಗಿ ಮುಗಿಯಿತು ಅಂತ ನನಗೆ ಖುಷಿಯೂ ಆಯಿತು.

ಎರಡು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಮೊದಲನೆಯ ಸಿದ್ದಯ್ಯ ಕನ್ನಡಕವನ್ನು ತಲೆಕೆಳಗಾಗಿ ಹಾಕಿಕೊಂಡು ಬಂದರು. ಕಡ್ಡಿಗಳು ಕಿವಿಯಿಂದ ಮೇಲಕ್ಕೆ ಕೊಂಬಿನ ಹಾಗೆ ಎದ್ದಿದ್ದವು. ಬೀಳದ ಹಾಗೆ ಹಿಂದೆ ಗೋಣಿ ದಾರದಿಂದ ಕಟ್ಟಿದ್ದರು.

“ಏನಜ್ಜ ಇದು?” ಅಂದರು ಡಾಕ್ಟರು.

“ಕೊಟ್ಟಾಗ ಆಕ್ಕಂಡೆ ಸಾಮಿ. ಏನೂ ಕಾಣ್ನಿಲ್ಲ. ಡಾಕುಟ್ರು ಓದ್ದೋರು, ತಪ್ಪು ಮಾಡಾಕಿಲ್ಲ, ನಾನೇ ಎಲ್ಲೋ ತಪ್ಪಾಗಿ ಆಕ್ಕಂಡಿವ್ನಿ ಅಂತ ಮೂರ್ ದಿವ್ಸ ಕುಂತು ಯೋಚ್ನೆ ಮಾಡ್ದೆ. ನಾಲ್ಕನೇ ದಿವ್ಸ ಮ್ಯಾಲ್ ಕೆಳಗ್ ಮಾಡಿ ಆಕ್ದೆ ನೋಡಿ, ನಮ್ಮ ಎಮ್ಮೆ ಬಾಲದ ಕೂದ್ಲು ಒಂದೊಂದೂ ಕಾಣ್ತು!”

ಡಾಕ್ಟರು ಕನ್ನಡಕ ತೆಗೆದು ನೋಡಿದರು. ಬಲಗಣ್ಣಿನ ಕನ್ನಡಕ ಎಡಗಣ್ಣಿನ ಸಿದ್ದಯ್ಯನಿಗೆ ಹೋಗಿತ್ತು. ತಲೆಕೆಳಗು ಮಾಡಿದಾಗ ದಪ್ಪ ಗಾಜು ಸರಿಯಾದ ಕಣ್ಣಿಗೆ ಬಂದಿತ್ತು.

“ಆ ಇನ್ನೊಬ್ಬ ಸಿದ್ದಯ್ಯ?”

“ಅವ್ನೂ ಕಾಣಾಕಿಲ್ಲ ಅಂತ ಅಳ್ತಿದ್ದ. ನಾನೇ ಯೋಳ್ಕೊಟ್ಟೆ” ಅಂದರು, ಮೇಷ್ಟ್ರ ಎದುರೇ ದೊಡ್ಡ ಮೇಷ್ಟ್ರ ಹಾಗೆ.

ಓದುಬರಹವಿಲ್ಲದ ಆ ಮುದುಕರು ಮೂರು ದಿನ ಕೂತು ಕಂಡುಹಿಡಿದದ್ದು ಓದಿದವರಲ್ಲಿ ಯಾರಿಗೂ ಹೊಳೆಯಲಾರದು ಅಂತ ಈಗಲೂ ನಂಬಿದ್ದೇನೆ. ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಬ್ಬರನ್ನೂ ಕೂರಿಸಿ ಕನ್ನಡಕ ಅದಲುಬದಲು ಮಾಡಿಸಿದರು. ಅವರು ಹೋದ ಮೇಲೆ ನಮ್ಮ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ.

“ಕನ್ನಡಕ ಆಯ್ತು, ತಿರುಗಿಸಿ ಹಾಕ್ಕೊಂಡ್ರು. ನಾಳೆ ನಿಮ್ಮ ಇದೇ ಪಟ್ಟಿ ನೋಡಿ ನಾನು ಒಬ್ಬನ ಒಳ್ಳೇ ಕಣ್ಣು ಕೊಯ್ದರೆ? ಆಗ ಸಿದ್ದಯ್ಯನನ್ನೇ ತಲೆಕೆಳಗೆ ನಿಲ್ಲಿಸ್ತೀರಾ?”

3. ಮೀಸೆ

ಆ ಮಾತು ಮೇಷ್ಟ್ರಿಗೆ ಚೆನ್ನಾಗಿ ತಾಗಿತು. ಹದಿನೈದು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ ಅಂತ ಅವರ ಮನೆಯವರು ಹೇಳಿದರು. ಕೊನೆಗೆ ಒಂದು ದಾರಿ ಹುಡುಕಿದರು. ಹೆಸರು, ತಂದೆಯ ಹೆಸರು, ಊರು ಮೂರೂ ಒಂದೇ ಆದರೂ, ಮೈಮೇಲಿನ ಗುರುತು ಒಂದೇ ಆಗುವುದಿಲ್ಲ. ಆದ್ದರಿಂದ ಇನ್ನು ಮೇಲೆ ಪ್ರತಿಯೊಬ್ಬರ ಗುರುತನ್ನೂ ಬರೆಯಬೇಕು. ನಾಲ್ಕೂ ಕೂಡಿದರೆ ಒಬ್ಬನೇ ಮನುಷ್ಯ.

ನಾನು ಬರೆದೆ. ಮಚ್ಚೆ, ಗಾಯದ ಕಲೆ, ಆರನೇ ಬೆರಳು. ಮಂಡ್ಯದ ಹತ್ತಿರದ ಒಂದು ಊರಿನ ಯಜಮಾನರ ಮೈಮೇಲೆ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಆದರೆ ಮೀಸೆ ಇತ್ತು. ಎಂಥ ಮೀಸೆ ಅಂತೀರಿ, ಎರಡೂ ತುದಿ ಕಿವಿಗೆ ವಿಷಯ ಮುಟ್ಟಿಸುತ್ತಿದ್ದವು. ‘ಭಾರಿ ಗಿರಿಜಾ ಮೀಸೆ’ ಅಂತ ಬರೆದುಕೊಂಡೆ. ಇದಕ್ಕಿಂತ ಒಳ್ಳೆಯ ಗುರುತು ಇಡೀ ಜಿಲ್ಲೆಯಲ್ಲಿ ಸಿಗದು ಅನ್ನಿಸಿತು.

ಆಪರೇಷನ್ನಾಗಿ ಕಣ್ಣು ಬಂತು. ತಿಂಗಳ ಮೇಲೆ ಕನ್ನಡಕ ಹಂಚುವಾಗ ನಾನು ಮೀಸೆಗಾಗಿ ಸಾಲಿನಲ್ಲಿ ಹುಡುಕುತ್ತಿದ್ದೆ. ಎದುರಿಗೆ ತಲೆ, ಮುಖ ಎರಡೂ ನುಣ್ಣಗಿದ್ದ ಒಬ್ಬರು ಬಂದು ನಿಂತು ಅದೇ ಹೆಸರು ಹೇಳಿದರು.

“ನೀವಲ್ಲ ಯಜಮಾನ್ರೇ. ಅವರಿಗೆ ಮೀಸೆ ಇದೆ” ಅಂದೆ, ಸಿದ್ದಯ್ಯಂದಿರನ್ನು ನೆನೆದು ಗಟ್ಟಿ ಮನಸ್ಸು ಮಾಡಿ.

“ಇತ್ತು ಕಣವ್ವ. ಕಣ್ಣು ಬಂದ್ರೆ ಮುಡಿ ಕೊಡ್ತೀನಿ ಅಂತ ಮುತ್ತತ್ತಿರಾಯ್ನಿಗೆ ಅರಕೆ ಒತ್ತಿದ್ದೆ. ಬಂತು. ಕೊಟ್ಟೆ.”

“ರಿಜಿಸ್ಟರಲ್ಲಿ ಮೀಸೆ ಅಂತ ಇದೆ. ಗುರುತು ತೋರಿಸದೆ ಕೊಡೋ ಹಾಗಿಲ್ಲ.”

ಅವರು ನನ್ನನ್ನೂ ರಿಜಿಸ್ಟರನ್ನೂ ನೋಡಿದರು. ಸಿಟ್ಟು ಮಾಡಲಿಲ್ಲ.

“ಆಗ್ಲಿ ಬುಡವ್ವ. ಆ ಮೀಸೆ ಕಾವೇರಿ ಒಳೇಲಿ ಬುಟ್ಟು ಎಂಟು ದಿವ್ಸ ಆಯ್ತು. ಇಷ್ಟೊತ್ತಿಗೆ ಸಮುದ್ರ ಸೇರಿರ್ತದೆ. ನೀನು ಕನ್ನಡ್ಕ ಕೊಡು, ಆಕ್ಕಂಡು ಮೀಸೇನ ಉಡಿಕ್ಕಂಡು ಬತ್ತೀನಿ.”

4. ತವರಿನ ಕಣ್ಣು

ಬದಲಾಗುವ ಗುರುತು ಗುರುತಲ್ಲ ಅಂತ ಮೇಷ್ಟ್ರು ಒಪ್ಪಿಕೊಂಡರು. ಮುಂದಿನ ಸಲ ನಂಬರು ಕೊಡೋಣ ಅಂದರು. ಆದರೆ ಲೆಕ್ಕದ ಮೇಷ್ಟ್ರು ನೋಡಿ, ಸಾದಾ ನಂಬರು ಅವರಿಗೆ ಹಿಡಿಸುವುದಿಲ್ಲ. ಮೊದಲ ಅಂಕಿ ತಾಲ್ಲೂಕಿನದು. ಮಂಡ್ಯಕ್ಕೆ ಒಂದು, ಮದ್ದೂರಿಗೆ ಎರಡು, ಮಳವಳ್ಳಿಗೆ ಮೂರು. ಆಮೇಲಿನ ಎರಡು ಅಂಕಿ ಊರಿನದು. ಆಮೇಲೆ ಆಳಿನದು. “ನಂಬರು ನೋಡಿದ ಕೂಡಲೇ ಮನುಷ್ಯ ಎಲ್ಲಿಯವನು ಅಂತ ಗೊತ್ತಾಗಬೇಕು” ಅಂತ ಹೆಮ್ಮೆಯಿಂದ ಹೇಳಿದರು. ನಾವೆಲ್ಲ ತಲೆದೂಗಿದೆವು. ಒಂದು ವರ್ಷ ಅದು ಚೆನ್ನಾಗಿಯೇ ನಡೆಯಿತು.

ಮಳವಳ್ಳಿ ತಾಲ್ಲೂಕಿನ ಒಂದು ಕ್ಯಾಂಪಿನಲ್ಲಿ ಲಕ್ಷ್ಮಮ್ಮ ಎಂಬ ಹೆಂಗಸು ಬಲಗಣ್ಣಿನ ಪೊರೆಗೆ ಬಂದಳು. ಮೂರರಿಂದ ಶುರುವಾಗುವ ಹೊಸ ನಂಬರು ಕೊಟ್ಟೆವು. ಡಾಕ್ಟರು ಟಾರ್ಚು ಬಿಟ್ಟು ನೋಡಿದರೆ ಎಡಗಣ್ಣಿಗೆ ಆಗಲೇ ಆಪರೇಷನ್ನಾಗಿದೆ. ರಿಜಿಸ್ಟರಿನಲ್ಲಿ ಮಾತ್ರ ಹಿಂದಿನ ಆಪರೇಷನ್ ಯಾವುದೂ ಇಲ್ಲ.

“ಈ ಕಣ್ಣು ಯಾರಮ್ಮ ಮಾಡಿದ್ದು?”

“ನೀವೇ ಅಲ್ವರಾ!”

“ನಾನಾ? ಎಲ್ಲಿ?”

“ಓದ್ ವರ್ಸ. ಮದ್ದೂರತಾವ ನಮ್ಮ ತವರೂರ್ಗೆ ಬಂದಿದ್ರಲ್ಲ.”

ಮೇಷ್ಟ್ರು ಓಡಿ ಹೋಗಿ ಮದ್ದೂರಿನ ರಿಜಿಸ್ಟರು ತಂದರು. ಲಕ್ಷ್ಮಮ್ಮ ಇಲ್ಲವೇ ಇಲ್ಲ.

“ಅಲ್ಲಿ ನಾನು ಪುಟ್ಟಮ್ಮ ಕಣ್ರಪ್ಪ. ಇಲ್ಲಿ ಮದ್ವೆ ಆದ್ಮೇಲೆ ಲಕ್ಸ್ಮಮ್ಮ ಅಂತ ಎಸ್ರು ಮಡ್ಗುದ್ರು” ಅಂದಳು.

ಪುಟ್ಟಮ್ಮ ಸಿಕ್ಕಿದಳು. ಎರಡರಿಂದ ಶುರುವಾಗುವ ನಂಬರು, ಎಡಗಣ್ಣು. ಹೀಗೆ ಒಬ್ಬಳೇ ಹೆಂಗಸು, ಎರಡು ಹೆಸರು, ಎರಡು ನಂಬರು, ಒಂದೊಂದು ನಂಬರಿಗೆ ಒಂದೊಂದೇ ಕಣ್ಣು. ಮೇಷ್ಟ್ರು ಬೆವರು ಒರೆಸಿಕೊಂಡು, “ಈಗ ನಿನ್ನನ್ನು ಮದ್ದೂರಿಗೆ ಸೇರಿಸಲೋ ಮಳವಳ್ಳಿಗೋ ತಾಯಿ?” ಅಂದರು.

ಆಕೆ ಒಂದು ಕ್ಷಣವೂ ತಡಮಾಡಲಿಲ್ಲ. “ಎಡಗಣ್ಣು ತವರಿಂದು, ಅದು ಅಲ್ಲೇ ಇರ್ಲಿ. ಬಲಗಣ್ಣು ಗಂಡನ ಮನೇದು, ಇಲ್ಲಿಗೆ ಬರ್ಕೊಳಿ. ಯಾರಿಗೂ ಬೇಜಾರಾಗಾದು ಬ್ಯಾಡ.”

ವಾರ ಕಳೆದು ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಡಾಕ್ಟರು ತಮಾಷೆಗೆ ಕೇಳಿದರು. “ಎರಡೂ ನಾನೇ ಮಾಡಿದ್ದು. ಯಾವುದು ಚೆನ್ನಾಗಿ ಕಾಣುತ್ತೆ, ತವರಿಂದೋ, ಗಂಡನ ಮನೇದೋ?”

ಆಕೆ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. “ಅತ್ತೆಮ್ಮ ಅಲ್ಲೇ ಕುಂತವ್ರೆ. ಆಮೇಲೆ ಯೋಳ್ತೀನಿ ಸುಮ್ಕಿರಿ.”

5. ಬ್ಲಫ್‌ನವರಿಗೆ ಬಂದ ನಂಬರು

ಈ ಕಥೆಗಳನ್ನೆಲ್ಲ ಕೇಳಿದ ಡಾಕ್ಟರ ಸ್ನೇಹಿತರ ಮಗಳೊಬ್ಬಳು ಬೆಂಗಳೂರಿನಿಂದ ಬಂದಳು. ಅಲ್ಲಿ ಯಾವುದೋ ದೊಡ್ಡ ಸಂಸ್ಥೆಯಲ್ಲಿ ಕಂಪ್ಯೂಟರಿನ ಕೆಲಸ. ಹತ್ತಿಯ ಸೀರೆ, ಕೈಯಲ್ಲಿ ಗಡಿಯಾರ, ನನಗಿಂತ ಏಳೆಂಟು ವರ್ಷ ದೊಡ್ಡವಳು. ಕಂಪ್ಯೂಟರು ಅನ್ನುವುದನ್ನು ನಾವು ಯಾರೂ ನೋಡಿರಲಿಲ್ಲ. ನಮ್ಮ ಪಟ್ಟಿಗಳನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ ಅದಕ್ಕೆ ಓದಿಸಿಕೊಡುತ್ತೇನೆ, ದುಡ್ಡು ಕಾಸು ಬೇಡ ಅಂದಳು. ಆದರೆ ಮೊದಲು ಪಟ್ಟಿ ಸರಿಯಾಗಬೇಕು.

“ಜನರದೊಂದು ಪಟ್ಟಿ. ಆಪರೇಷನ್‌ಗಳದೊಂದು. ಕನ್ನಡಕಗಳದೊಂದು. ಮೂರನ್ನೂ ಜೋಡಿಸೋಕೆ ಒಂದು ಕೀ ಬೇಕು. ಪ್ರೈಮರಿ ಕೀ ಅಂತಾರೆ” ಅಂದಳು. ಬಾಗಿಲಲ್ಲಿ ನಿಂತಿದ್ದ ನಮ್ಮ ಅಟೆಂಡರು ತಕ್ಷಣ ಸೊಂಟದಿಂದ ಬೀರುವಿನ ಬೀಗದ ಕೈ ಗೊಂಚಲು ತೆಗೆದು ಮೇಜಿನ ಮೇಲಿಟ್ಟ.

ಮೇಷ್ಟ್ರು ಮುಖ ಗಂಟಿಕ್ಕಿದರು. “ಪ್ರೈಮರಿ ಯಾಕಮ್ಮ? ನಾನು ಹೈಸ್ಕೂಲಿನವನು.”

ಅವಳು ನಗದೆ, ತಾಳ್ಮೆಯಿಂದ ನಾಲ್ಕು ಬೆರಳು ಎತ್ತಿದಳು. ಒಂದು, ಆ ನಂಬರು ಇಬ್ಬರಿಗೆ ಬರಬಾರದು. ಎರಡು, ಯಾರಿಗೂ ನಂಬರು ಇಲ್ಲದೆ ಇರಬಾರದು. ಮೂರು, ಒಮ್ಮೆ ಕೊಟ್ಟದ್ದು ಬದಲಾಗಬಾರದು. ನಾಲ್ಕು, ನಂಬರಿಗೆ ಅರ್ಥ ಇರಬಾರದು.

ಮೊದಲ ಮೂರಕ್ಕೆ ಮೇಷ್ಟ್ರು ತಲೆಯಾಡಿಸಿದರು. ನಾಲ್ಕನೆಯದಕ್ಕೆ ಎದ್ದು ನಿಂತರು. “ಅರ್ಥ ಇಲ್ಲದ ನಂಬರಾ? ಮೂವತ್ತು ವರ್ಷ ಪಾಠ ಮಾಡಿದ್ದೇನೆ!”

“ಮೇಷ್ಟ್ರೇ, ಅರ್ಥ ಇದ್ದರೆ ಅದು ಬದಲಾಗುತ್ತೆ. ಊರು ಬದಲಾದರೆ? ಮದುವೆ ಆದರೆ? ನಂಬರು ಮನುಷ್ಯನ ಬಗ್ಗೆ ಏನನ್ನೂ ಹೇಳಬಾರದು. ಅವನು ಅವನೇ ಅಂತ ಮಾತ್ರ ಹೇಳಬೇಕು.”

ಮೇಷ್ಟ್ರು ಸೀದಾ ಮನೆಗೆ ಹೋದರು. ಇನ್ನು ಬರುವುದಿಲ್ಲವೇನೋ ಅಂತ ನನಗೆ ಭಯವಾಯಿತು. ಮಾರನೆಯ ಬೆಳಿಗ್ಗೆ ನನಗಿಂತ ಮೊದಲೇ ಬಂದು ಕೂತಿದ್ದರು. ಹಳೆಯ ನಂಬರುಗಳನ್ನೆಲ್ಲ ಕೆಂಪು ಪೆನ್ಸಿಲ್ಲಿನಿಂದ ಹೊಡೆದು, ಒಂದರಿಂದ ಶುರುಮಾಡಿ, ನಾನೂರ ಹತ್ತು ಹಳಬರಿಗೂ ಸಾದಾ ನಂಬರು ಹಾಕುತ್ತಿದ್ದರು. “ಆ ಹುಡುಗಿ ಹೇಳಿದ್ದು ಸರಿ ಕಣಮ್ಮ” ಅಂದರು. ಅರವತ್ತು ದಾಟಿದ ಮೇಲೆ, ತಾನೇ ಕಟ್ಟಿದ್ದನ್ನು ತನ್ನ ಕೈಯಿಂದಲೇ ಹೊಡೆದು ಹಾಕಿದವರನ್ನು ನಾನು ಆಮೇಲೆ ಹೆಚ್ಚು ಜನ ನೋಡಿಲ್ಲ.

ಹೊಸ ನಂಬರಿನ ಮೊದಲ ಕ್ಯಾಂಪು ಶಿವನಸಮುದ್ರದಲ್ಲಿ. ಪವರ್ ಹೌಸಿನ ಆ ಜಾಗವನ್ನು ನಮ್ಮ ಕಡೆ ಬ್ಲಫ್ ಅಂತಲೇ ಕರೆಯುತ್ತಾರೆ. ಅಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಇಸ್ತ್ರಿ ಕೋಟು ಹಾಕಿಕೊಂಡು ಸಾಲಿನಲ್ಲಿ ಹತ್ತನೆಯವರಾಗಿ ನಿಂತಿದ್ದರು. ಜೀವನದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ ಅಂತ ಕಾಲೊನಿಯವರೇ ಹೇಳುತ್ತಿದ್ದರು. ನಾನು ಅವರ ಹೆಸರು ಬರೆದು, ನಂಬರು ಹಾಕಿ, ಚೀಟಿ ಕೈಗಿಟ್ಟೆ.

ಅವರು ಚೀಟಿಯನ್ನು ಕಣ್ಣಿನ ಹತ್ತಿರ ತಂದರು. ದೂರ ಹಿಡಿದರು. ಪೊರೆ ಇದ್ದರೂ ಆ ಅಂಕಿ ಅವರಿಗೆ ಸ್ಪಷ್ಟವಾಗಿಯೇ ಕಂಡಿತು.

“ಫೋರ್ ಟ್ವೆಂಟಿ?”

ಸಾಲು ಪೂರ್ತಿ ಕಿಸಕ್ಕೆಂದಿತು.

“ಏನ್ರೀ ಇದು? ಊರು ಬ್ಲಫ್, ನಂಬರು ನಾನೂರ ಇಪ್ಪತ್ತು! ಯಾರಾದರೂ ಓದಿದರೆ ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ?”

“ನಂಬರಿಗೆ ಅರ್ಥ ಇಲ್ಲ ಸಾರ್” ಅಂದೆ ನಾನು.

“ಇದಕ್ಕಿದೆ!” ಅಂತ ಕೋಟಿನ ಗುಂಡಿ ಹಾಕಿಕೊಂಡು ಹೊರಟೇಬಿಟ್ಟರು. ಕುರುಡಾದರೂ ಸರಿ, ಆ ನಂಬರಿನಲ್ಲಿ ಕಣ್ಣು ಬೇಡವಂತೆ.

ಮೇಷ್ಟ್ರು ಗೇಟಿನವರೆಗೂ ಹಿಂದೆ ಹೋಗಿ ಕೈ ಹಿಡಿದು ಕರೆತಂದರು. ಕೊಟ್ಟ ನಂಬರನ್ನು ಬದಲಾಯಿಸುವ ಹಾಗಿಲ್ಲ, ಆದರೆ ಇವರು ಚೀಟಿಯನ್ನು ಒಪ್ಪಿಕೊಂಡೇ ಇಲ್ಲ, ಅಂದಮೇಲೆ ಅದು ಇನ್ನೂ ಕೊಟ್ಟ ಹಾಗಲ್ಲ ಅಂತ ವಾದ ಹೂಡಿ, ಅವರಿಗೆ ನಾನೂರ ಇಪ್ಪತ್ತೊಂದು ಬರೆಸಿದರು. ಹಾಗಾದರೆ ನಾನೂರ ಇಪ್ಪತ್ತು ಯಾರಿಗೆ? ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಮೇಷ್ಟ್ರು ಕುರ್ಚಿ ಎಳೆದು ನನ್ನೆದುರಿಗೆ ಕೂತರು. “ಬರಿಯಮ್ಮ ನನ್ನ ಹೆಸರು. ನನಗೂ ಎಡಗಣ್ಣು ಮಂಜು ಮಂಜು. ಹೇಳಿರಲಿಲ್ಲ ಅಷ್ಟೇ.”

ಡಾಕ್ಟರು ಆ ವಾರವೇ ಅವರಿಗೆ ಆಪರೇಷನ್ ಮಾಡಿದರು. ಕೊರಳಲ್ಲಿ ಚೀಟಿ ಕಟ್ಟಿಕೊಂಡು ಚಾಪೆಯ ಮೇಲೆ ಮಲಗಿದ್ದವರನ್ನು ನೋಡಲು ಅವರ ಹೆಂಡತಿ ಮಂಡ್ಯದಿಂದ ಬಂದರು. ಚೀಟಿಯನ್ನು ಎತ್ತಿ ಓದಿದರು, ನನ್ನ ಕಡೆ ತಿರುಗಿದರು.

“ಮದುವೆಯಾದ ಎಂಟನೇ ದಿನಕ್ಕೇ ನಾನು ಇವರಿಗೆ ಈ ನಂಬರು ಕೊಟ್ಟಿದ್ದೆ ಕಣಮ್ಮ. ನಿಮ್ಮ ಕಂಪ್ಯೂಟರಿಗೆ ಇಷ್ಟು ವರ್ಷ ಬೇಕಾಯ್ತೇ?”

6. ಸಾವಿರದ ನೂರ ಮೂವತ್ತೇಳು

ಆಮೇಲೆ ಎರಡು ವರ್ಷ ಒಂದು ತಪ್ಪೂ ಆಗಲಿಲ್ಲ. ಬೆಂಗಳೂರಿನಿಂದ ಉದ್ದುದ್ದ ಕಾಗದದಲ್ಲಿ ಪಟ್ಟಿ ಅಚ್ಚಾಗಿ ಬರುತ್ತಿತ್ತು. ನಂಬರು ಹೇಳಿದರೆ ಸಾಕು, ಯಾವ ಕಣ್ಣು, ಯಾವ ಔಷಧಿ ಆಗಿಬರುವುದಿಲ್ಲ, ಯಾವ ಗಾಜು ಎಲ್ಲ ಒಂದೇ ಸಾಲಿನಲ್ಲಿ. ಮೇಷ್ಟ್ರು ಚೀಟಿ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. “ಇದು ನಿನ್ನದು ಮಾತ್ರ. ಬೇರೆ ಯಾರಿಗೂ ಇಲ್ಲ. ಸಾಯೋ ತನಕ ಬದಲಾಗೋಲ್ಲ. ಇದನ್ನು ಕಳಕೊಂಡರೆ ಕಣ್ಣು ಕಳಕೊಂಡ ಹಾಗೆ.”

ಕೊನೆಯ ಮಾತು ಸ್ವಲ್ಪ ಜಾಸ್ತಿಯಾಯಿತು ಅಂತ ಆಮೇಲೆ ಗೊತ್ತಾಯಿತು.

ಮಳವಳ್ಳಿ ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದಳು. ನಂಬರು ಸಾವಿರದ ನೂರ ಮೂವತ್ತೇಳು, ಬಲಗಣ್ಣು. ಹತ್ತು ವರ್ಷದಿಂದ ಮೂಸಿ ನೋಡಿ ಸೊಪ್ಪು ಕಟ್ಟುತ್ತಿದ್ದವಳು, ಪಟ್ಟಿ ಬಿಚ್ಚಿದ ದಿನ ಡಾಕ್ಟರ ಮುಖ ನೋಡಿ, “ಇಷ್ಟು ವಯಸ್ಸಾಗದಾ ನಿಂಗೆ? ಸಣ್ಣ ಉಡುಗ ಅಂದ್ಕಂಡು ಏನೇನೋ ಬೈದ್ಬುಟ್ಟೆ ಮಗ” ಅಂದಿದ್ದಳು. ಅವಳಿಗೆ ಆಪರೇಷನ್ನಿನ ಸಮಯದಲ್ಲಿ ಒಂದು ಔಷಧಿ ಒಗ್ಗದೆ ಮೈಯೆಲ್ಲ ಊದಿಕೊಂಡು ನಾವೆಲ್ಲ ಹೆದರಿದ್ದೆವು. ಅದನ್ನು ಮತ್ತೆ ಕೊಡಲೇಬಾರದು ಅಂತ ಅವಳ ನಂಬರಿನ ಮುಂದೆ ದಪ್ಪಗೆ ಬರೆಸಿದ್ದೆವು. ಎಡಗಣ್ಣಿಗೆ ಆರು ತಿಂಗಳ ಮೇಲೆ ಬಾ ಅಂತ ಹೇಳಿ ಕಳಿಸಿದ್ದೆವು.

ಆರು ತಿಂಗಳ ಮೇಲೆ ಅವಳ ಊರಿಗೇ ಹೋಗಿ ಮೇಜು ಹಾಕಿದೆವು. ಆ ದಿನ ಡಾಕ್ಟರಿಗೆ ಜ್ವರ, ಮೈಸೂರಿನಿಂದ ಬೇರೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದರು. ಅವರಿಗೆ ನಮ್ಮ ಜನ ಯಾರೂ ಗೊತ್ತಿಲ್ಲ. ಅಚ್ಚಾದ ಪಟ್ಟಿಯೇ ಅವರಿಗೆ ದೇವರು. ಬೆಂಗಳೂರಿನವಳೂ ತನ್ನ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ನೋಡೋಣ ಅಂತ ಬಂದಿದ್ದಳು. ಮೇಷ್ಟ್ರು ಹೊಸ ಮದುವಣಿಗನ ಹಾಗೆ ಓಡಾಡುತ್ತಿದ್ದರು.

ಮೊದಲನೆಯ ಹೆಂಗಸು ಬಂದಳು. “ಚೀಟಿ ಎಲ್ಲಮ್ಮ?” ಅಂದೆ.

ಅವಳು ಬಲಗೈ ಚಾಚಿದಳು. ಮುಂಗೈ ಮೇಲೆ ಹಸಿರು ಹಚ್ಚೆ. ಎರಡೂ ಕಡೆ ಚುಕ್ಕಿ ಸಾಲು, ಮಧ್ಯೆ ಮುದ್ದಾಗಿ ೧೧೩೭.

ನನಗೆ ಅಜ್ಜಿಯ ಮುಖ ನೆನಪಿತ್ತು. ಇವಳು ಅಜ್ಜಿಯಲ್ಲ, ನಲವತ್ತು ದಾಟಿರಲಿಲ್ಲ. ಏನೋ ಹೇಳುವಷ್ಟರಲ್ಲಿ ಹಿಂದಿನವಳು ಕೈ ಚಾಚಿದಳು. ೧೧೩೭. ಅವಳ ಹಿಂದಿನವಳು ಬಳೆ ಸರಿಸಿದಳು. ೧೧೩೭. ಮೇಷ್ಟ್ರು ಕೆಂಪು ಪೆನ್ಸಿಲ್ಲು ಹಿಡಿದು ಸಾಲಿನ ಉದ್ದಕ್ಕೂ ಒಂದೊಂದು ಕೈ ನೋಡುತ್ತಾ ಹೋದರು. ಹನ್ನೊಂದು ಕೈ. ಹನ್ನೊಂದರಲ್ಲೂ ೧೧೩೭. ಬೆಂಗಳೂರಿನವಳು ತನ್ನ ಪಟ್ಟಿಯ ಮೇಲೆ ಕೂತುಬಿಟ್ಟಳು.

ಹನ್ನೊಂದನೆಯವಳು ಅಜ್ಜಿ. “ನಂದೇ ಅಸಲಿ ಕಣಪ್ಪ” ಅಂದಳು. ಆಗಿದ್ದು ಇಷ್ಟು. ಮಳೆಯಲ್ಲಿ ಸಂತೆಗೆ ಹೋಗಿ ಅವಳ ಚೀಟಿ ನೆಂದು ಮುದ್ದೆಯಾಗುವುದರಲ್ಲಿತ್ತು. ಕಳೆದುಕೊಂಡರೆ ಕಣ್ಣು ಹೋಗುತ್ತದೆ ಅಂತ ಮೇಷ್ಟ್ರೇ ಹೇಳಿದ್ದರಲ್ಲ. ಊರಿಗೆ ಬಂದ ಹಚ್ಚೆ ಹಾಕುವವಳ ಹತ್ತಿರ ಓಡಿ ಹೋಗಿ, ಚೀಟಿ ತೋರಿಸಿ, ಕೈಮೇಲೆ ಹುಯ್ಯಿಸಿಕೊಂಡಿದ್ದಳು. ಇದೇನು ಅಂತ ಕೇಳಿದವರಿಗೆ, “ಇದ್ರಿಂದ್ಲೇ ನಂಗೆ ಕಣ್ಣು ಬಂದದ್ದು” ಅಂದಿದ್ದಳು. ಅಷ್ಟೇ ಸಾಕಾಯಿತು. ಕಣ್ಣಿನ ಮಂತ್ರ ಅಂತ ಕೇರಿಗೆ ಕೇರಿಯೇ ಸಾಲು ನಿಂತು ಹುಯ್ಯಿಸಿಕೊಂಡಿತ್ತು.

“ಈಗ ನಾನು ಯಾರಿಗೆ ಯಾವ ಔಷಧಿ ಕೊಡಲಿ?” ಅಂದರು ಮೈಸೂರಿನ ಡಾಕ್ಟರು ಗಾಬರಿಯಿಂದ.

“ಕೈ ನೋಡಬೇಡಿ ಸ್ವಾಮಿ, ಕಣ್ಣು ನೋಡಿ. ನಮ್ಮ ಪಟ್ಟಿಯಲ್ಲಿ ಆ ನಂಬರಿಗೆ ಒಂದೇ ಬಲಗಣ್ಣು ಆಪರೇಷನ್ನಾಗಿರೋದು” ಅಂದರು ಮೇಷ್ಟ್ರು. ಡಾಕ್ಟರು ಟಾರ್ಚು ಹಿಡಿದು ಹನ್ನೊಂದು ಜನರನ್ನೂ ನೋಡಿದರು. ಆಪರೇಷನ್ನಾದ ಕಣ್ಣು ಅಜ್ಜಿಯದೊಂದೇ. ನಾವೆಲ್ಲ ಉಸಿರು ಬಿಟ್ಟೆವು. ಆದರೆ ಉಳಿದ ಹತ್ತು ಜನರಲ್ಲಿ ನಾಲ್ವರಿಗೆ ನಿಜವಾಗಿಯೂ ಪೊರೆ ಬಂದಿತ್ತು. ಹಿಂದಿನ ಕ್ಯಾಂಪಿನಲ್ಲಿ ಚಾಕು ಅಂ‍ದ ಕೂಡಲೇ ಹಿತ್ತಿಲ ಬಾಗಿಲಿಂದ ಓಡಿದ್ದವರೇ ಅವರು. ಈ ಸಲ ಮಂತ್ರ ಕೈಮೇಲಿದೆ ಅನ್ನುವ ಧೈರ್ಯದಲ್ಲಿ ತಾವಾಗಿ ಬಂದಿದ್ದರು.

ಬೆಂಗಳೂರಿನವಳು ಎದ್ದು ಅಜ್ಜಿಯ ಕೈ ಹಿಡಿದು ಆ ಅಂಕಿಗಳ ಮೇಲೆ ಬೆರಳಾಡಿಸಿದಳು. “ನಾನು ಎರಡು ವರ್ಷದಿಂದ ಜನರಿಗೆ ನಂಬರು ಕೊಡ್ತಾ ಇದ್ದೀನಿ ಮೇಷ್ಟ್ರೇ. ನಂಬರಿನಿಂದ ಕಣ್ಣು ಕೊಟ್ಟವಳು ಈ ಅಜ್ಜಿ” ಅಂದಳು.

ನಾಲ್ವರಿಗೂ ಹೊಸ ಚೀಟಿ ಬರೆದೆವು. ಮೇಷ್ಟ್ರು ಒಬ್ಬೊಬ್ಬರಿಗೂ ಕೈಮುಗಿದು ಬೇಡಿಕೊಂಡರು. “ತಾಯಿ, ಇದನ್ನು ಸೆರಗಿನಲ್ಲಿ ಕಟ್ಟಿಕೋ, ಡಬ್ಬಿಯಲ್ಲಿ ಇಟ್ಟುಕೋ, ಏನಾದರೂ ಮಾಡು. ಹಚ್ಚೆ ಮಾತ್ರ ಹಾಕಿಸಿಕೋಬೇಡ.” ಎಲ್ಲರೂ ಆಗಲಿ ಅಂದರು.

ಮೇಜು ಮಡಿಸುವ ಹೊತ್ತಿಗೆ ಇನ್ನೊಬ್ಬಳು ಬಂದು ನಿಂತಳು. ಕಂಕುಳಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಸೂಜಿ, ಹಸಿರು ಮಸಿಯ ಚಿಪ್ಪು. ಮೇಷ್ಟ್ರ ಕಡೆ ನೋಡಿ ದೊಡ್ಡದಾಗಿ ನಕ್ಕಳು.

“ಆ ನಂಬರು ಈ ಊರ್ಗೆಲ್ಲ ಆಗೋಯ್ತು ಸಾಮಿ. ನಾಳೀಕೆ ಪಕ್ಕದೂರ್ಗೆ ಓಯ್ತಿವ್ನಿ. ಅವ್ರು ಬ್ಯಾರೇದು ಕೇಳ್ತಾವ್ರೆ. ಒಂದ್ ಒಸಾದು ಬರ್ಕೊಡಿ.”